ಚುಕ್ಕಿಯನ್ನು ಕರೆದುಕೊಂಡು ನಮ್ಮ ಬೀದಿ ದಾಟುವುದನ್ನು ಕಲಿತೆ

ಹಗ್ಗ ನನ್ನ ಕೈಯಲ್ಲಿತ್ತು. ಅದರ ತುದಿಯಲ್ಲಿ ಬೆಲ್ಟೂ ಇತ್ತು. ಬೆಲ್ಟಿನಲ್ಲಿ ನಮ್ಮ ನಾಯಿ ಚುಕ್ಕಿ ಇರಲಿಲ್ಲ.

2021ರ ನವೆಂಬರ್. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಯಿಂದ ಮೂರನೇ ತಿರುವು. ಬೆಳಿಗ್ಗೆ ಆರು ಗಂಟೆ. ಮೂಲೆಯ ಖಾಲಿ ಸೈಟಿನಿಂದ ನಾಲ್ಕು ನಾಯಿಗಳು ಬೊಗಳುತ್ತಾ ಬಂದವು. ನಾನು ಹೆದರಿ ಹಗ್ಗವನ್ನು ಗಟ್ಟಿಯಾಗಿ ಎಳೆದೆ. ಚುಕ್ಕಿ ಹಿಂದಕ್ಕೆ ಜಗ್ಗಿ ತಲೆ ತಗ್ಗಿಸಿದಳು, ಬೆಲ್ಟು ಕಳಚಿತು. ಅವಳು ಓಡಿದಳು. ನಾಲ್ಕೂ ನಾಯಿಗಳು ಅವಳ ಹಿಂದೆ, ನಾನು ಕಿರುಚಿಕೊಂಡು ಅವುಗಳ ಹಿಂದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಅವಳು ಸಿಕ್ಕಿಬಿದ್ದಳು. ಜಗಳ ಬಿಡಿಸಲು ನಾನು ನಡುವೆ ಕೈ ಹಾಕಿದೆ. ಮುಂಗೈಯಲ್ಲಿ ಎರಡು ಹಲ್ಲು ಇಳಿದವು. ಯಾವ ನಾಯಿಯ ಹಲ್ಲು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಚುಕ್ಕಿಯದ್ದೇ ಆಗಿದ್ದರೂ ಆಶ್ಚರ್ಯವಿಲ್ಲ. ಜಗಳದ ಮಧ್ಯೆ ನಾಯಿಗೆ ತನ್ನ ಮನೆಯವರ ಕೈ ಯಾವುದು ಎಂದು ತಿಳಿಯುವುದಿಲ್ಲ.

ಮನೆಗೆ ಬಂದಾಗ ಅತ್ತೆ ಅರಿಶಿನದ ಡಬ್ಬಿ ಹಿಡಿದು ಬಂದರು. "ತಡಿಯವಾ, ಅರಿಷಿಣ ಹಚ್ತೀನಿ, ರಕ್ತ ನಿಲ್ತೈತಿ" ಅಂದರು. ಅವರದು ಜಮಖಂಡಿ ಕಡೆ, ಪ್ರೀತಿಯಿಂದಲೇ ಹೇಳಿದ್ದು. ನಾನು ಬೇಡ ಅಂದೆ. ನಲ್ಲಿ ಬಿಟ್ಟು, ಬಟ್ಟೆ ಸೋಪು ಹಾಕಿ, ಗಡಿಯಾರ ನೋಡಿಕೊಂಡು 15 ನಿಮಿಷ ಗಾಯ ತೊಳೆದೆ. ಇದೊಂದನ್ನು ಓದುವವರು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ರೇಬೀಸ್ ವೈರಸ್ಸನ್ನು ಗಾಯದಲ್ಲೇ ಕಡಿಮೆ ಮಾಡುವ ಕೆಲಸ ಸೋಪು ಮತ್ತು ಹರಿಯುವ ನೀರಿನದು. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಗಾಯಕ್ಕೆ ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ. ತೊಳೆದ ಮೇಲೆ ನಂಜು ತಡೆಯುವ ಪೊವಿಡೋನ್ ಅಯೋಡಿನ್ ಹಚ್ಚಿಕೊಂಡು ಆಸ್ಪತ್ರೆಗೆ ಹೋದೆ.

ರಕ್ತ ಬಂದಿದ್ದರಿಂದ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ಗಾಯದಲ್ಲೇ ತಡೆಯುವ ಔಷಧಿ, ಚುಚ್ಚಿದರು. ಅದು ನೋವು, ಸುಳ್ಳು ಹೇಳುವುದಿಲ್ಲ. ಆಮೇಲೆ ಚರ್ಮಕ್ಕೆ ಕೊಡುವ ಲಸಿಕೆ: ಅವತ್ತು, ಅಲ್ಲಿಂದ 3, 7 ಮತ್ತು 28ನೇ ದಿನ. ಪ್ರತಿ ಸಲವೂ ಎರಡೂ ತೋಳಿಗೆ. ತೋಳಿನ ಸ್ನಾಯುವಿಗೆ ಕೊಡುವುದಾದರೆ ಒಟ್ಟು ಐದು, ಕೊನೆಯದು 28ನೇ ದಿನಕ್ಕೇ. "ಕಚ್ಚಿದ ನಾಯಿಯನ್ನು 10 ದಿನ ನೋಡೋಣ, ಆಮೇಲೆ ಸೂಜಿ" ಅಂತ ಪಕ್ಕದ ಮನೆಯವರು ಹೇಳಿದರು. ನಾಯಿ ಮೇಲೆ 10 ದಿನ ಕಣ್ಣಿಡುವುದು ಸರಿ, ಆದರೆ ಸೂಜಿ ಮೊದಲ ದಿನವೇ ಶುರುವಾಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಚುಕ್ಕಿಗೆ ಮೂರು ತಿಂಗಳಾದಾಗಲೇ ರೇಬೀಸ್ ಲಸಿಕೆ ಆಗಿತ್ತು. ಆದರೂ ಡಾಕ್ಟರು ಮತ್ತೆ ಬೂಸ್ಟರ್ ಹಾಕಿದರು. ಅವಳ ತೊಡೆಗೆ ಆರು ಹೊಲಿಗೆ ಬಿತ್ತು.

ಆ ರಾತ್ರಿ ಅವಳ ಪಕ್ಕ ನೆಲದ ಮೇಲೆ ಮಲಗಿ ಯೋಚಿಸಿದೆ. ತಪ್ಪು ಎಲ್ಲಿ ಆಯಿತು?

ಮೊದಲನೆಯದು ಬೆಲ್ಟು. ಚುಕ್ಕಿ ಮುಧೋಳ ನಾಯಿ. ಗಂಡನ ಊರಿನ ಕಡೆಯಿಂದ ಎರಡು ತಿಂಗಳ ಮರಿಯಾಗಿ ಬಂದವಳು. ಮುಧೋಳದ ತಲೆ ಸಪೂರ, ಕತ್ತು ದಪ್ಪ. ಸಾಮಾನ್ಯ ಬೆಲ್ಟು ಎಷ್ಟು ಬಿಗಿ ಕಟ್ಟಿದರೂ ಹಿಂದಕ್ಕೆ ಜಗ್ಗಿದರೆ ಕಿವಿ ದಾಟಿ ಜಾರಿಬಿಡುತ್ತದೆ. ಇಂಥ ನಾಯಿಗಳಿಗೆಂದೇ ಮಾರ್ಟಿಂಗೇಲ್ ಅನ್ನುವ ಅಗಲದ ಪಟ್ಟಿ ಸಿಗುತ್ತದೆ. ಎಳೆದಾಗ ಸ್ವಲ್ಪ ಬಿಗಿಯಾಗುತ್ತದೆ, ಉಸಿರು ಕಟ್ಟುವಷ್ಟು ಅಲ್ಲ. ಬಿಟ್ಟಾಗ ಸಡಿಲವಾಗುತ್ತದೆ. ನಾನು ಅದನ್ನು ತರಿಸಿ, ಜೊತೆಗೆ ಎದೆಗೆ ಹಾಕುವ ಹಾರ್ನೆಸ್ ಕೂಡ ಹಾಕಿ, ಎರಡಕ್ಕೂ ಹಗ್ಗ ಸಿಕ್ಕಿಸುತ್ತೇನೆ. ಒಂದು ಕಳಚಿದರೆ ಇನ್ನೊಂದು ಇರಲಿ ಅಂತ. ಬಟನ್ ಒತ್ತಿದರೆ ಉದ್ದವಾಗುವ ಸುರುಳಿ ಹಗ್ಗ ಮನೆಯಲ್ಲಿತ್ತು, ಅದನ್ನು ಕೆಲಸಕ್ಕೇ ತೆಗೆದುಕೊಳ್ಳಲಿಲ್ಲ. ಐದು ಮೀಟರ್ ದೂರದಲ್ಲಿರುವ ನಾಯಿಯನ್ನು ಯಾರೂ ಕಾಪಾಡಲಾರರು. ಎರಡು ಮೀಟರಿನ ಬಟ್ಟೆ ಹಗ್ಗ ಸಾಕು.

ಎರಡನೆಯದು ಸಮಯ. ಚುಕ್ಕಿಗೆ ಆಗ ಒಂದು ವರ್ಷ ಆಗುತ್ತಾ ಬಂದಿತ್ತು, ಮೊದಲ ಸಲ ಬೆದೆಗೆ ಬರುವ ಹೊತ್ತು. ಮೇಲಾಗಿ ಕಾರ್ತಿಕ ಮಾಸ. ಕಾರ್ತಿಕದ ನಾಯಿ ಅಂತ ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ. ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಬೀದಿಯಲ್ಲಿ ಗಂಡು ನಾಯಿಗಳ ಗುಂಪು ಜಾಸ್ತಿ, ಜಗಳವೂ ಜಾಸ್ತಿ. ಅಲ್ಲಿಂದ ಸುಮಾರು 63 ದಿನಕ್ಕೆ ಮರಿಗಳು. ಮಾರ್ಗಶಿರ, ಪುಷ್ಯದಲ್ಲಿ ಮರಿ ಹಾಕಿದ ತಾಯಿಯ ಹತ್ತಿರ ಹೋದರೆ ಅವಳು ಎಷ್ಟೇ ಪಾಪದವಳಾಗಿದ್ದರೂ ಮೈಮೇಲೆ ಬರುತ್ತಾಳೆ. ಈ ಲೆಕ್ಕ ತಿಳಿದಿದ್ದರೆ ನಾನು ಆ ತಿಂಗಳು ಆ ತಿರುವಿಗೆ ಹೋಗುತ್ತಲೇ ಇರಲಿಲ್ಲ. ಮುಂದಿನ ವರ್ಷ ಡಾಕ್ಟರ ಹತ್ತಿರ ಮಾತಾಡಿ ಚುಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು.

ಮೂರನೆಯದನ್ನು ಹೇಳಿಕೊಟ್ಟವರು ಹಾಲಿನ ಬೂತಿನ ಅಣ್ಣ. ನಾಲ್ಕೂವರೆಗೇ ಬೂತ್ ತೆಗೆಯುವ ಅವರಿಗೆ ಬೀದಿಯ ಪ್ರತಿ ನಾಯಿಯೂ ಗೊತ್ತು. ನನ್ನ ಕೈಯ ಬ್ಯಾಂಡೇಜ್ ನೋಡಿ ಅವರು ಅಂದರು: "ಮೇಡಂ, ಮೊದಲು ನೀವೊಬ್ಬರೇ ಒಂದು ವಾರ ಓಡಾಡಿ. ಯಾವ ನಾಯಿ ಎಲ್ಲಿಂದ ಎಲ್ಲಿಗೆ ಬರುತ್ತೆ ನೋಡಿ. ಆಮೇಲೆ ನಿಮ್ಮ ಹುಡುಗೀನ ಕರ್ಕೊಂಡು ಬನ್ನಿ."

ಹಾಗೇ ಮಾಡಿದೆ. ಹೊಲಿಗೆ ಬಿಚ್ಚುವವರೆಗೆ ಚುಕ್ಕಿ ಹೇಗೂ ಮನೆಯಲ್ಲೇ ಇರಬೇಕಿತ್ತು. ಒಂದು ನೋಟ್‌ಬುಕ್ಕಿನಲ್ಲಿ ಬೀದಿಗಳ ಗೆರೆ ಎಳೆದು ನಾಯಿಗಳನ್ನು ಗುರುತು ಹಾಕಿದೆ. ಆ ವಾರ ಕಲಿತಷ್ಟು ಬೇರೆ ಎಲ್ಲೂ ಕಲಿಯಲಿಲ್ಲ. ಮೂಲೆ ಸೈಟಿನ ಗುಂಪು ಎಳನೀರು ಗಾಡಿಯವರೆಗೆ ಮಾತ್ರ ಬರುತ್ತದೆ. ಅಲ್ಲಿ ಗೆರೆ ಎಳೆದ ಹಾಗೆ ನಿಂತುಬಿಡುತ್ತವೆ. ಅದರಾಚೆ ಬೇಕರಿಯ ಎರಡು ನಾಯಿಗಳ ರಾಜ್ಯ. ನಾಲ್ವರಲ್ಲಿ ನಿಜವಾಗಿ ಮುಂದೆ ನುಗ್ಗುವವನು ಒಬ್ಬನೇ, ಎಲ್ಲರೂ ಕರಿಯ ಅಂತ ಕರೆಯುವವನು. ಉಳಿದ ಮೂರು ಅವನು ಬೊಗಳಿದರೆ ಬೊಗಳುತ್ತವೆ. ಎರಡು ನಾಯಿಗಳ ಕಿವಿಯ ತುದಿ ಕತ್ತರಿಸಿತ್ತು. ಅಂದರೆ ಸಂತಾನಹರಣ ಆಗಿದೆ, ಆಗ ರೇಬೀಸ್ ಲಸಿಕೆಯೂ ಹಾಕಿರುತ್ತಾರೆ. ಆದರೆ ಆ ಲಸಿಕೆ ಜೀವನಪೂರ್ತಿ ಅಲ್ಲ, ಮತ್ತೆ ಮತ್ತೆ ಆಗಬೇಕು. ಕಿವಿ ಕತ್ತರಿಸಿದೆ ಅಂತ ಕಚ್ಚಿಸಿಕೊಂಡು ಸುಮ್ಮನಿರಬಾರದು.

ಕರಿಯ ಬರುವ ರೀತಿಯನ್ನೂ ನೋಡಿದೆ. ಬಾಲ ಅಲ್ಲಾಡಿಸಿದರೆ ಸ್ನೇಹ ಅಂತ ನಾವೆಲ್ಲ ತಿಳಿದಿರುತ್ತೇವೆ, ಅಲ್ವಾ? ಮೈಯೆಲ್ಲ ಸಡಿಲ ಬಿಟ್ಟು ಸೊಂಟದ ಸಮೇತ ಬಾಲ ಅಲ್ಲಾಡಿಸಿದರೆ ಸ್ನೇಹ. ಬಾಲ ಮೇಲೆತ್ತಿ, ಬಿಗಿಯಾಗಿ, ತುದಿ ಮಾತ್ರ ಅದುರಿಸುತ್ತಾ, ಬೆನ್ನಿನ ಕೂದಲು ನಿಮಿರಿಸಿ, ಕಣ್ಣು ಮಿಟುಕಿಸದೆ ನೋಡಿದರೆ ಅಲ್ಲೇ ನಿಲ್ಲಬೇಕು. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುವ ಗಾದೆಯನ್ನು ನಾನು ನಂಬುವುದಿಲ್ಲ. ಆದರೆ ಬೊಗಳುವ ನಾಯಿ ದೂರ ಇರು ಅಂತ ಹೇಳುತ್ತಿದೆ, ಅದು ನಮಗೆ ಸಿಗುವ ಅವಕಾಶ. ಸದ್ದಿಲ್ಲದೆ ತಲೆ ತಗ್ಗಿಸಿ ಹಿಂದಿನಿಂದ ಬರುವ ನಾಯಿಗೆ ನಾನು ಜಾಸ್ತಿ ಹೆದರುತ್ತೇನೆ.

ಮೂರು ವಾರದ ನಂತರ ಚುಕ್ಕಿಯನ್ನು ಹೊರಗೆ ತಂದಾಗ ಬೂತಿನ ಅಣ್ಣ ನನ್ನ ಕೈಯನ್ನೇ ನೋಡುತ್ತಿದ್ದರು. "ಹಗ್ಗ ಸಡಿಲ ಬಿಡಿ ಮೇಡಂ. ನೀವು ಎಳೆದಷ್ಟೂ ಅವಳಿಗೆ ಭಯ ಆಗುತ್ತೆ." ನಿಜ. ಹಗ್ಗ ಬಿಗಿಯಾದರೆ ನಾಯಿಯ ಎದೆ, ತಲೆ ಮೇಲೆದ್ದು ನಿಲ್ಲುತ್ತದೆ. ಎದುರಿನ ನಾಯಿಗೆ ಅದು ಜಗಳಕ್ಕೆ ಬಂದ ಹಾಗೆ ಕಾಣುತ್ತದೆ. ನಮ್ಮ ಭಯವೂ ಹಗ್ಗದಲ್ಲೇ ಇಳಿದು ನಮ್ಮ ನಾಯಿಗೆ ತಲುಪುತ್ತದೆ. ಇದನ್ನು ಕೈಗೆ ಕಲಿಸಲು ನನಗೆ ತಿಂಗಳುಗಳೇ ಬೇಕಾದವು. ಮನೆಯ ಕಾಂಪೌಂಡಿನಲ್ಲಿ ನಡೆದು, ನಾನು "ಬಾ" ಎಂದ ಕೂಡಲೇ ತಿರುಗಿ ನನ್ನ ಜೊತೆ ವಾಪಸ್ ಬಂದರೆ ಬೇಯಿಸಿದ ಕೋಳಿಯ ಒಂದು ಸಣ್ಣ ತುಂಡು. ದಿನಕ್ಕೆ ಹತ್ತು ನಿಮಿಷ, ಅಷ್ಟೇ. ಮುಧೋಳ ಹಟಮಾರಿ ಅನ್ನುತ್ತಾರೆ. ಬೈದರೆ ಹಟ ಮಾಡುತ್ತಾಳೆ, ಹೌದು. ಕಾರಣ ಕೊಟ್ಟರೆ ಚುಕ್ಕಿಯಷ್ಟು ಬೇಗ ಕಲಿಯುವವಳನ್ನು ನಾನು ನೋಡಿಲ್ಲ.

ಈಗ ದೂರದಲ್ಲಿ ನಾಯಿ ಕಂಡರೆ ನಾನು ನೇರವಾಗಿ ಅದರ ಮುಖಕ್ಕೆ ನಡೆಯುವುದಿಲ್ಲ. ರಸ್ತೆಯ ಆಚೆ ಬದಿಗೆ ದಾಟಿ, ಬಿಲ್ಲಿನ ಹಾಗೆ ಬಳಸಿಕೊಂಡು ಹೋಗುತ್ತೇನೆ. ನಾಯಿಗಳು ತಮ್ಮತಮ್ಮಲ್ಲೇ ಮರ್ಯಾದೆಯಿಂದ ಹತ್ತಿರ ಬರುವುದೂ ಹಾಗೆಯೇ. ನಿಲ್ಲಿಸಿದ ಕಾರು ಸಿಕ್ಕರೆ ಅದನ್ನು ನಡುವೆ ಇಟ್ಟುಕೊಳ್ಳುತ್ತೇನೆ. ಎದುರಿನ ನಾಯಿ ಇನ್ನೂ ಬರುತ್ತಿದ್ದರೆ ಚುಕ್ಕಿಯನ್ನು ನನ್ನ ಹಿಂದೆ ಗೋಡೆ ಕಡೆ ನಿಲ್ಲಿಸಿ, ನಾನು ಮುಂದೆ ನಿಂತು, ಕೈ ಚಾಚಿ ದಪ್ಪ ದನಿಯಲ್ಲಿ "ಹೋಗು, ಹೋಗಾಚೆ" ಅನ್ನುತ್ತೇನೆ. ಕಿರುಚುವುದಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಅದು ನಿಂತ ಮೇಲೆ ಬೆನ್ನು ತಿರುಗಿಸದೆ ನಿಧಾನಕ್ಕೆ ಹಿಂದೆ ಸರಿಯುತ್ತೇನೆ. ಓಡಿದರೆ ಯಾವ ನಾಯಿಯಾದರೂ ಅಟ್ಟಿಸಿಕೊಂಡು ಬರುತ್ತದೆ.

ಕಲ್ಲೆತ್ತುವ ಹಾಗೆ ಬಗ್ಗಿದರೆ ನಮ್ಮ ಬೀದಿನಾಯಿಗಳು ಓಡುತ್ತವೆ. ಇದು ಎಲ್ಲರಿಗೂ ಗೊತ್ತು, ಕೆಲಸವನ್ನೂ ಮಾಡುತ್ತದೆ. ಕಷ್ಟಕ್ಕೆ ಬಿದ್ದಾಗ ಎರಡು ಸಲ ನಾನೂ ಬಗ್ಗಿದ್ದೇನೆ. ಕಲ್ಲು ಮಾತ್ರ ಎಸೆದಿಲ್ಲ, ಎಸೆಯಬಾರದು. ಅದೇ ನಾಯಿಯ ಮುಂದೆ ನಾಳೆ ಬೆಳಿಗ್ಗೆಯೂ ನಡೆಯಬೇಕು. ಕಲ್ಲು ತಿಂದ ನಾಯಿ ಮುಂದೆ ಬರುವ ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡರೆ? ನನ್ನ ಕೈಯಲ್ಲಿ ಯಾವಾಗಲೂ ಇರುವುದು ಬಟನ್ ಒತ್ತಿದರೆ ತೆರೆಯುವ ಛತ್ರಿ. ಮುಖದ ಮುಂದೆ ಫಟ್ ಅಂತ ತೆರೆದರೆ ಮುನ್ನುಗ್ಗುವ ನಾಯಿ ಕ್ಷಣ ತಡೆಯುತ್ತದೆ. ಆ ಕ್ಷಣ ಸಾಕು. ಚುಕ್ಕಿಗೆ ಮೊದಲೇ ಮನೆಯಲ್ಲಿ ಛತ್ರಿಯ ಸದ್ದು ರೂಢಿ ಮಾಡಿಸಿದ್ದೆ, ಇಲ್ಲದಿದ್ದರೆ ಅವಳೇ ಬೆದರುತ್ತಿದ್ದಳು.

ಜಗಳ ಶುರುವಾಗೇಬಿಟ್ಟರೆ ಕೈ ಹಾಕಬೇಡಿ. ನಾನು ಹಾಕಿ ಕಲಿತಿದ್ದೇನೆ. ಬಕೆಟ್ ನೀರು ಎರಚಿ, ಪಾತ್ರೆ ಬಡಿಯಿರಿ, ಮಧ್ಯೆ ರಟ್ಟು ತೂರಿಸಿ. ಚಿಕ್ಕ ನಾಯಿಯನ್ನು ಎತ್ತಿ ತಲೆ ಮೇಲೆ ಹಿಡಿಯಲು ಎಲ್ಲರಿಗೂ ಮನಸ್ಸಾಗುತ್ತದೆ. ಆದರೆ ಕೆಳಗಿನ ನಾಯಿ ಆಗ ನಿಮ್ಮ ಮೈಮೇಲೆ ಹಾರುತ್ತದೆ.

ಪಕ್ಕದ ಮನೆಯ ಹುಡುಗ ನಾಲ್ಕನೇ ಕ್ಲಾಸ್. ಅವನಿಗೂ ಹೇಳಿಕೊಟ್ಟೆ. "ನಾಯಿ ಬಂದರೆ ಮರದ ಹಾಗೆ ನಿಂತುಬಿಡು ಪುಟ್ಟಾ, ಕೈ ಎದೆಗೆ, ಕಣ್ಣು ಕಾಲಿನ ಮೇಲೆ. ಬಿದ್ದರೆ ಚೆಂಡಿನ ಹಾಗೆ ಮುದುಡಿ ಕುತ್ತಿಗೆ ಮುಚ್ಚಿಕೋ." ಅವನು ಆಟದ ಹಾಗೆ ದಿನಾ ಮಾಡಿ ತೋರಿಸುತ್ತಿದ್ದ. ಅವನ ಅಪ್ಪ ಸ್ಕೂಟರಿನಲ್ಲಿ ನಾಯಿಗಳನ್ನು ಕಂಡರೆ ಆಕ್ಸಿಲರೇಟರ್ ತಿರುಗಿಸುತ್ತಿದ್ದರು. ಈಗ ನಿಧಾನ ಮಾಡುತ್ತಾರೆ. ಬೆನ್ನಟ್ಟುವುದು ತಾನಾಗೇ ನಿಂತಿತು ಅಂದರು.

ಟ್ರಾನ್ಸ್‌ಫಾರ್ಮರ್ ಹತ್ತಿರದ ಕಂದು ಬಣ್ಣದ ತಾಯಿ ಎರಡು ವರ್ಷ ಸತತ ಮರಿ ಹಾಕಿದಳು. ಪಾಲಿಕೆಗೆ ಫೋನ್ ಮಾಡಿ, ಬಂದವರಿಗೆ ಅವಳನ್ನು ತೋರಿಸಿ, ಸಂತಾನಹರಣಕ್ಕೆ ಕಳಿಸಿದೆವು. ಕೆಲವು ದಿನದ ಮೇಲೆ ಅದೇ ಜಾಗಕ್ಕೆ ತಂದು ಬಿಟ್ಟರು. ಯಾಕೆ ವಾಪಸ್ ತಂದಿರಿ ಅಂತ ಬೀದಿಯಲ್ಲಿ ಸಾಕಷ್ಟು ಜಗಳವೇ ಆಯಿತು. ಹಿಡಿದ ಜಾಗದಲ್ಲೇ ಬಿಡಬೇಕು ಅಂತ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮವೇ ಹೇಳುತ್ತದೆ. ರೇಬೀಸ್ ಇರುವ, ವಿಪರೀತ ಆಕ್ರಮಣ ಮಾಡುವ ನಾಯಿಗಳನ್ನು ಹೊರತುಪಡಿಸಿ ಉಳಿದವನ್ನು ಅಲ್ಲೇ ಬಿಡಿ, ಊಟ ಹಾಕಲು ಜಾಗ ಗೊತ್ತುಮಾಡಿ ಅಂತ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಹೇಳಿತು. ಊಟದ ವಿಷಯದಲ್ಲಿ ನನ್ನ ಮಾತು ಸ್ಪಷ್ಟ. ಅನ್ನ ಹಾಕುವವರು ಹಾಕಲಿ, ಆದರೆ ಗೇಟಿನ ಮುಂದೆ, ಮಕ್ಕಳು ಶಾಲೆ ಬಸ್ಸಿಗೆ ನಿಲ್ಲುವಲ್ಲಿ ಬೇಡ. ತಿನ್ನುವ ಜಾಗವನ್ನು ನಾಯಿ ಕಾಯುತ್ತದೆ. ನಮ್ಮ ಬೀದಿಯ ಅಜ್ಜಿಯೊಬ್ಬರು ತಮ್ಮ ಮೆಟ್ಟಿಲ ಮೇಲೆ ಹಾಕುತ್ತಿದ್ದ ಮೊಸರನ್ನವನ್ನು ಈಗ ಖಾಲಿ ಸೈಟಿನ ಹಿಂದಿನ ಗೋಡೆ ಬದಿಗೆ, ರಾತ್ರಿ ಒಂಬತ್ತಕ್ಕೆ ಹಾಕುತ್ತಾರೆ. ಬೆಳಿಗ್ಗೆ ಆರಕ್ಕೆ ಅಲ್ಲಿ ನಾಯಿಗಳು ಮಲಗಿರುತ್ತವೆ.

ನಾನೂ ಈಗ ಹೊರಡುವುದು ಐದೂವರೆಗೆ, ಪೌರಕಾರ್ಮಿಕರ ಕಸದ ಗಾಡಿ ಬರುವ ಮೊದಲು. ಗಾಡಿ ಬಂದ ಹೊತ್ತಿಗೆ ಎಲ್ಲ ನಾಯಿಗಳೂ ಎದ್ದು ಚುರುಕಾಗಿರುತ್ತವೆ. ಮನೆಗೆ ಬಂದ ಕೂಡಲೇ ಚುಕ್ಕಿಯ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ ಹುಡುಕುತ್ತೇನೆ. ಒಮ್ಮೆ ಉಣ್ಣಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದು ಅವಳು ಮೂರು ದಿನ ಅನ್ನ ಮುಟ್ಟಿರಲಿಲ್ಲ. ಅತ್ತೆ ಅವಳ ಪಕ್ಕ ಕೂತು ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಬೆರಳಿಂದ ತಿನ್ನಿಸಿದ್ದರು.

ಕರಿಯ ಈಗ ಮುದುಕನಾಗಿದ್ದಾನೆ, ಮೂತಿ ಬೆಳ್ಳಗಾಗಿದೆ. ಎಳನೀರು ಗಾಡಿಯ ಕೆಳಗೆ ಮಲಗಿರುತ್ತಾನೆ. ನಾವು ಆಚೆ ಬದಿಯಿಂದ ಬಳಸಿಕೊಂಡು ಹೋದರೆ ತಲೆ ಎತ್ತಿ ನೋಡಿ, ಮತ್ತೆ ನೆಲಕ್ಕಿಡುತ್ತಾನೆ. ಚುಕ್ಕಿಯೂ ಒಮ್ಮೆ ಓರೆಗಣ್ಣಿನಿಂದ ನೋಡಿ ನನ್ನ ಕಡೆ ತಿರುಗುತ್ತಾಳೆ, ಕೋಳಿ ತುಂಡು ಕೇಳಲು. ಕಳೆದ ವಾರ ಬೇಕರಿ ಹತ್ತಿರ ಹೊಸ ಗಂಡು ನಾಯಿಯೊಂದು ನಿಂತಿತ್ತು, ಬಾಲ ಬಿಗಿ, ಕಿವಿ ತುದಿ ಪೂರ್ತಿ ಇತ್ತು. "ಬಾ" ಅಂದೆ. ಇಬ್ಬರೂ ತಿರುಗಿ ಮನೆಗೆ ಬಂದು ತಾರಸಿಯ ಮೇಲೆ ನಡೆದೆವು.