ಕೊಡಲಿ ಗುರುತಿನ ಬಡಗಿಯನ್ನು ಹುಡುಕಿಕೊಂಡು

ನಮ್ಮ ಅತ್ತೆಯ ತವರಿನ ಮನೆತನ ಕ್ಲೂಟಿಯೆ. ನಾನು ಮಾಂಟ್ರಿಯಲ್‌ಗೆ ಸೊಸೆಯಾಗಿ ಬಂದು ಹದಿಮೂರು ವರ್ಷವಾಯಿತು. ಒಂದು ಚಳಿಗಾಲದ ಸಂಜೆ ಅವರು, "ನಮ್ಮ ಮೂಲಪುರುಷ ಫ್ರಾನ್ಸಿನಿಂದ ಬಂದ ಬಡಗಿಯಂತೆ" ಅಂದರು. ಊರಲ್ಲಿ ಪೌತಿ ಖಾತೆಗೆ ವಂಶವೃಕ್ಷ ಬೇಕೆಂದು ಅಪ್ಪ ಎಷ್ಟು ಅಲೆದಿದ್ದರು ಅಂತ ನೋಡಿದವಳು ನಾನು. ಈ 'ಅಂತೆ'ಗೆ ಕಾಗದ ಹುಡುಕಬೇಕು ಅನ್ನಿಸಿತು.

ಅತ್ತೆಯ ಅಪ್ಪ-ಅಮ್ಮನ ಮದುವೆಯಿಂದ ಶುರು ಮಾಡಿ ಹಿಂದಕ್ಕೆ ಹೋದೆ. ಇಲ್ಲಿನ ಕ್ವಿಬೆಕ್ ಪ್ರಾಂತ್ಯದ ಚರ್ಚುಗಳ ಮದುವೆ ದಾಖಲೆಯಲ್ಲಿ ಸಾಮಾನ್ಯವಾಗಿ ಗಂಡು-ಹೆಣ್ಣು ಇಬ್ಬರ ಅಪ್ಪ-ಅಮ್ಮನ ಹೆಸರೂ ಇರುತ್ತದೆ. ಹೆಂಗಸರನ್ನು ತವರಿನ ಹೆಸರಿನಲ್ಲೇ ಬರೆಯುತ್ತಾರೆ. ಇದು ದೊಡ್ಡ ಪುಣ್ಯ. ಒಂದು ಮದುವೆ ಸಿಕ್ಕರೆ ಅದರ ಹಿಂದಿನದಕ್ಕೆ ದಾರಿ ಸಿಕ್ಕಂತೆ. 1679ರಿಂದ ಚರ್ಚುಗಳು ಎರಡೆರಡು ಪ್ರತಿ ಇಡುತ್ತಿದ್ದವು, ಹಾಗಾಗಿ ಒಂದು ಹಾಳಾದರೂ ಇನ್ನೊಂದು ಉಳಿದಿರುತ್ತದೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಇವನ್ನೆಲ್ಲ ಒಂದಕ್ಕೊಂದು ಜೋಡಿಸಿದ ದತ್ತಾಂಶ ಇಟ್ಟಿದ್ದಾರೆ. ನಾನು ಅಲ್ಲಿ ಸುಳಿವು ಹಿಡಿದು, ಆಮೇಲೆ ಮೂಲ ಪುಟದ ಚಿತ್ರ ತೆರೆದು ನೋಡುತ್ತಿದ್ದೆ.

ಕೈಬರಹ ಕಷ್ಟ. '7ಬ್ರ್' ಅಂತ ಕಂಡರೆ ಜುಲೈ ಅಂದುಕೊಳ್ಳಬೇಡಿ, ಅದು ಸೆಪ್ಟೆಂಬರ್. ಫ್ರೆಂಚಿನಲ್ಲಿ ಏಳಕ್ಕೆ 'ಸೆತ್' ಅಂತಾರಲ್ವಾ, ಅದನ್ನೇ ಅಂಕಿಯಲ್ಲಿ ಬರೆದಿರುತ್ತಾರೆ. ಎರಡು ದಾಖಲೆಗಳ ತಾರೀಖು ತಪ್ಪಾಗಿ ಬರೆದುಕೊಂಡ ಮೇಲೆ ನನಗಿದು ಗೊತ್ತಾಯಿತು.

ಕೊನೆಗೆ ಜಕಾರಿ ಕ್ಲೂಟಿಯೆ ಎಂಬ ಹೆಸರಿಗೆ ಬಂದು ನಿಂತೆ. ಯಾರೋ ಹಾಕಿದ್ದ ಒಂದು ವಂಶವೃಕ್ಷದಲ್ಲಿ ಅವರು 1648ರಲ್ಲಿ ಫ್ರಾನ್ಸಿನ ಲಾ ರೊಶೆಲ್‌ನಲ್ಲಿ ಮದ್ಲೇನ್ ಎಮಾರ್ ಎಂಬಾಕೆಯನ್ನು ಮದುವೆಯಾದರು ಅಂತಿತ್ತು. ಸುಮ್ನೆ ನಕಲು ಮಾಡಿಕೊಂಡೆ. ಆಮೇಲೆ ನೋಡಿದರೆ, ಅವರ ಹೆಂಡತಿ ಸ್ಯಾಂತ್ ದುಪೋಂ ಬದುಕಿದ್ದದ್ದು 1680ರವರೆಗೆ! ಹೆಂಡತಿ ಇರುವಾಗಲೇ ಸಮುದ್ರ ದಾಟಿ ಹೋಗಿ ಇನ್ನೊಂದು ಮದುವೆಯೇ? ಎರಡು ವಾರ ತಲೆ ಕೆಡಿಸಿಕೊಂಡೆ. ಲಾ ರೊಶೆಲ್‌ನಲ್ಲಿ ಮದುವೆಯಾದದ್ದು ಮಗ. ಅವನ ಹೆಸರೂ ಜಕಾರಿ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಟ್ಟ ಮನೆಗಳಲ್ಲೂ ಇದೇ ಗೊಂದಲ. ಅಂದಿನಿಂದ ಪ್ರತಿ ಹೆಸರಿನ ಪಕ್ಕದಲ್ಲಿ ಹೆಂಡತಿಯ ಹೆಸರನ್ನೂ ಬರೆದುಕೊಳ್ಳುತ್ತೇನೆ.

ಅಪ್ಪ ಜಕಾರಿ ಪೆರ್ಶ್ ಪ್ರಾಂತ್ಯದ ಮೊರ್ತಾನ್ ಊರಿನವರು. ಸ್ಯಾಂತ್ ಜೊತೆ ಮದುವೆ ಅಲ್ಲಿಯೇ, 1616ರ ಜುಲೈ 18ರಂದು. 1634ರ ಮಾರ್ಚ್ 14ರಂದು ಅವರೂ ಕಲ್ಲುಕೆಲಸದ ಜಾಂ ಗಿಯೋಂ ಅವರೂ ರೊಬೆರ್ ಜಿಫಾರ್ ಎಂಬ ಜಮೀನುದಾರನ ಜೊತೆ ಕರಾರು ಮಾಡಿಕೊಂಡರು. ಅದೇ ವರ್ಷ ಹಡಗು ಹತ್ತಿದರು. ಕ್ವಿಬೆಕ್ ಪಟ್ಟಣದ ಪಕ್ಕದ ಬೊಪೋರ್‌ನಲ್ಲಿ ಜಮೀನು ಸಿಕ್ಕಿತು. ಜಿಫಾರ್‌ಗೆ ಒಡೆಯ ಅಂತ ತಲೆಬಾಗಲು ಇಬ್ಬರೂ ವರ್ಷಗಟ್ಟಲೆ ಒಪ್ಪಲಿಲ್ಲ, ವ್ಯಾಜ್ಯ ಗವರ್ನರ್ ತನಕ ಹೋಯಿತು. ಆ ನೆಲದಲ್ಲಿ ಇವರಿಗಿಂತ ಮುಂಚಿನಿಂದ ಓಡಾಡಿಕೊಂಡಿದ್ದ 'ಇನ್ನು' ಎಂಬ ಮೂಲನಿವಾಸಿ ಜನರನ್ನು ಮಾತ್ರ ಈ ಕರಾರು ಮಾಡುವಾಗ ಯಾರೂ ಕೇಳಿರಲಿಲ್ಲ. ಮಗಳಿಗೆ ಈ ಕತೆ ಹೇಳುವಾಗ ಅದನ್ನೂ ಸೇರಿಸಿ ಹೇಳುತ್ತೇನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಜಕಾರಿಯ ಮಗಳು ಆನ್‌ಳ ಮದುವೆ ಕರಾರು. 1636ರ ಜುಲೈ 27ರದು, ಜಾಂ ಗಿಯೋಂ ಕೈಯಲ್ಲೇ ಬರೆದದ್ದು. ಕೆನಡಾದಲ್ಲಿ ಉಳಿದಿರುವ ಮದುವೆ ಕರಾರುಗಳಲ್ಲೇ ಹಳೆಯದು ಅದು. ಹುಡುಗ ರೊಬೆರ್ ದ್ರುವಾಂ. ಆನ್‌ಗೆ ಆಗ ಹತ್ತು ವರ್ಷ. ಮದುವೆ ಮರುವರ್ಷ ನಡೆಯಿತು. ನನ್ನ ಮಗಳಿಗೂ ಈಗ ಹತ್ತು. ನಮ್ಮ ಮುತ್ತಜ್ಜಿಯ ಮದುವೆಯೂ ಅದೇ ವಯಸ್ಸಿಗೆ ಆಗಿತ್ತಂತೆ. ಅವತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟು ಮಲಗಿದೆ.

ಇಂಥ ಕರಾರು ಪತ್ರಗಳನ್ನು ಬಿಡಬೇಡಿ. 1640ರಲ್ಲಿ ಕ್ವಿಬೆಕ್ ಪಟ್ಟಣದ ಚರ್ಚು ಸುಟ್ಟು, ಅದುವರೆಗಿನ ದಾಖಲೆ ಪುಸ್ತಕಗಳೂ ಬೂದಿಯಾದವು. ಆಮೇಲೆ ಜನರ ನೆನಪಿನಿಂದ ಮತ್ತೆ ಬರೆಸಿದರು. ಆ ಕಾಲದ ವಿಷಯಕ್ಕೆ ಚರ್ಚಿನ ಪುಟದ ಜೊತೆಗೆ ಬೇರೆ ಕಾಗದವೂ ಕೈಯಲ್ಲಿರಬೇಕು. ಕ್ವಿಬೆಕ್‌ನ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ನೋಟರಿ ಪತ್ರಗಳು ರಾಶಿ ಇವೆ.

ಅಂಥ ಪತ್ರಗಳಲ್ಲಿಯೇ ಜಕಾರಿಯ ಗುರುತು ಸಿಕ್ಕಿತು. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಸಹಿ ಇರಬೇಕಾದ ಜಾಗದಲ್ಲಿ ಒಂದು ಕೊಡಲಿ. ಒಂದು ಗೆರೆ ಹಿಡಿ, ಅದರ ತುದಿಗೆ ಅಗಲವಾದ ಅಲಗು. ನಮ್ಮಜ್ಜಿ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿ ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಬಡಗಿ ತನ್ನ ಉಪಕರಣವನ್ನೇ ಹೆಸರು ಮಾಡಿಕೊಂಡಿದ್ದ.

1677ರ ಸೆಪ್ಟೆಂಬರ್ 17ರಂದು ಶಾತೊ ರಿಶೇ ಊರಿನಲ್ಲಿ ಅವರನ್ನು ಮಣ್ಣು ಮಾಡಿದರು. 1800ರ ಹೊತ್ತಿಗೆ ಮದುವೆಯಾಗಿದ್ದ ಅವರ ವಂಶದವರೇ 10,850 ಜನ ಅಂತ ವಿಶ್ವವಿದ್ಯಾಲಯದವರ ಲೆಕ್ಕ. ಅಷ್ಟು ದೊಡ್ಡ ವಂಶ ಅಲ್ಲಿಗೆ ಬಂದ ಬೇರೆ ಯಾರದ್ದೂ ಇಲ್ಲ.

ಕೊಡಲಿಯ ಚಿತ್ರ ಪ್ರಿಂಟ್ ತೆಗೆದು ಅತ್ತೆಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು, ಬೆರಳಿನಿಂದ ಗೆರೆಯ ಮೇಲೆ ನಿಧಾನವಾಗಿ ಎಳೆದರು. "ಅಪ್ಪನ ಶೆಡ್ಡಿನಲ್ಲೂ ಇಂಥದ್ದೇ ಒಂದಿತ್ತು" ಅಂದರು.