ಲಿಸ್ಟ್‌ನಲ್ಲಿ ಹೆಸರಿಲ್ಲ ಅಂದ ಮೇಲೆ: ಫುಟ್‌ಬಾಲ್ ಹುಡುಗರ ಜೊತೆ ನನ್ನ ಅನುಭವ

ದಾವಣಗೆರೆಯಿಂದ ಬೆಂಗಳೂರಿನ ಕ್ಲಬ್‌ಗಳ ಟ್ರಯಲ್ಸ್‌ಗೆ (ಆಯ್ಕೆ ಆಟಕ್ಕೆ) ಹೋಗುವ ಹುಡುಗರಲ್ಲಿ ಹೆಚ್ಚಿನವರು ಸೆಲೆಕ್ಟ್ ಆಗದೇ ವಾಪಸ್ ಬರುತ್ತಾರೆ. ಅಲ್ಲಿ ನೋಡುವುದು ಇಪ್ಪತ್ತು ನಿಮಿಷದ ಆಟ, ಅದೂ ಪರಿಚಯವೇ ಇಲ್ಲದ ಹುಡುಗರ ಜೊತೆ. ತಾನು ಆಟಕ್ಕೇ ಲಾಯಕ್ಕಿಲ್ಲ ಅಂತ ಹುಡುಗ ತೀರ್ಮಾನಿಸಿಬಿಡದಂತೆ ನೋಡಿಕೊಳ್ಳುವುದು ಕೋಚ್ ಆಗಿ ನನ್ನ ಮೊದಲ ಕೆಲಸ.

ವಾಪಸ್ ಬರುವ ದಾರಿಯಲ್ಲಿ ಆಟದ ಮಾತು ಎತ್ತುವುದಿಲ್ಲ. ಊಟ, ನಿದ್ದೆ, ಅಷ್ಟೇ. ಮನೆಯವರಿಗೆ ಹೊರಡುವ ಮುಂಚೆಯೇ ಹೇಳಿರುತ್ತೇನೆ: "ದುಡ್ಡು ಕೊಟ್ಟವರನ್ನ ತಗಂತಾರೆ ಅಂತ ಮಗನ ಮುಂದೆ ಅನ್ಬ್ಯಾಡ್ರಿ." ಆ ಮಾತಿನಿಂದ ಅಳು ನಿಲ್ಲಬಹುದು, ಆದರೆ ತಿದ್ದಿಕೊಳ್ಳುವುದಕ್ಕೆ ಏನೂ ಇಲ್ಲ ಅಂತ ಹುಡುಗ ಕೂತುಬಿಡುತ್ತಾನೆ. ಎರಡು ದಿನ ಚೆಂಡು ಮುಟ್ಟದಿದ್ದರೂ ಪರವಾಗಿಲ್ಲ. ಮೂರನೇ ದಿನ ಗ್ರೌಂಡ್‌ಗೆ ಬರಬೇಕು, ಗೆಳೆಯರ ಜೊತೆ ಸುಮ್ಮನೆ ಆಡಲಿಕ್ಕೆ. ಎರಡು ವಾರ ಕಳೆದರೂ ಸರಿಯಾಗಿ ಉಣ್ಣದೆ, ಮಲಗದೆ, ಶಾಲೆಗೂ ಹೋಗದೆ ಇದ್ದರೆ ಅದು ಕೋಚ್ ಸಂಭಾಳಿಸುವ ವಿಷಯವಲ್ಲ. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಸಿಗುತ್ತದೆ. ಆ ನಂಬರ್ ಪ್ರತಿ ಮನೆಯವರ ಫೋನಿನಲ್ಲೂ ಸೇವ್ ಮಾಡಿಸಿರುತ್ತೇನೆ.

ಆಮೇಲೆ ಕಾರಣ ಕೇಳುವುದು. ಅಪ್ಪ ಫೋನ್ ಮಾಡಿದರೆ ಜಗಳಕ್ಕೆ ಬಂದಂತೆ ಆಗುತ್ತದೆ, ಹಾಗಾಗಿ ಆಯ್ಕೆ ಮಾಡಿದವರನ್ನು ನಾನೇ ಕೇಳುತ್ತೇನೆ. "ಯಾಕೆ ತಗೊಳ್ಳಲಿಲ್ಲ?" ಅಂದರೆ "ಮುಂದಿನ ವರ್ಷ ನೋಡೋಣ" ಅನ್ನುವ ಉತ್ತರವೇ ಬರುವುದು. "ಸರ್, ನೀವು ತಗೊಂಡ ಲೆಫ್ಟ್ ಬ್ಯಾಕ್‌ನಲ್ಲಿ (ಎಡಬದಿಯ ಡಿಫೆಂಡರ್‌ನಲ್ಲಿ) ನಮ್ಮ ಹುಡುಗನಲ್ಲಿಲ್ಲದ್ದು ಏನು ಕಂಡಿರಿ?" ಅಂತ ಕೇಳಿದರೆ ಕೆಲಸಕ್ಕೆ ಬರುವ ಮಾತು ಸಿಗುತ್ತದೆ. ಕೆಲವು ಸಲ ಆ ಜಾಗಕ್ಕೆ ಮೊದಲೇ ಹುಡುಗರಿದ್ದರು ಅನ್ನುವುದಷ್ಟೇ ಕಾರಣ. ಆಗ ಬೇರೆ ಕ್ಲಬ್ ನೋಡಬೇಕು.

"ಇನ್ನೂ ಚಿಕ್ಕವನು" ಅಂದರೆ ಮೊದಲು ಹುಟ್ಟಿದ ತಿಂಗಳು ನೋಡುತ್ತೇನೆ. ವಯೋಮಿತಿ ಸಾಮಾನ್ಯವಾಗಿ ಜನವರಿ 1ಕ್ಕೆ ಲೆಕ್ಕ. ಹೀಗಾಗಿ ಡಿಸೆಂಬರ್‌ನಲ್ಲಿ ಹುಟ್ಟಿದವನು ಹನ್ನೊಂದು ತಿಂಗಳು ದೊಡ್ಡವನಾದ ಹುಡುಗನ ಜೊತೆ ಭುಜ ಕೊಟ್ಟು ಆಡಬೇಕು. ಹದಿಮೂರರ ಆಸುಪಾಸಿನಲ್ಲಿ ಅದು ದೊಡ್ಡ ಅಂತರ. ಫ್ರಾನ್ಸ್‌ನ ಆಟಗಾರ ಗ್ರೀಜ್‌ಮನ್‌ನನ್ನು ಹುಡುಗನಾಗಿದ್ದಾಗ ಅಲ್ಲಿನ ಕ್ಲಬ್‌ಗಳು ಎತ್ತರ ಸಾಲದು ಅಂತಲೇ ಬಿಟ್ಟವು, ಸ್ಪೇನ್‌ನ ರಿಯಲ್ ಸೊಸಿಯೆದಾದ್ ತಗೊಂಡಿತು, 2018ರಲ್ಲಿ ಫ್ರಾನ್ಸ್‌ಗೇ ವಿಶ್ವಕಪ್ ಗೆದ್ದ. ಇದನ್ನು ನಾನು ಹೇಳುವುದು ಮೈಕಟ್ಟಿನ ಕಾರಣಕ್ಕೆ ಬಿಟ್ಟವರಿಗೆ ಮಾತ್ರ. ಇಂಥ ಹುಡುಗರ ಎತ್ತರವನ್ನು ಪ್ರತಿ ತಿಂಗಳು ಬೆಳಿಗ್ಗೆ ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಬರೆದಿಡಬೇಕು. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ದಾಟಿದರೆ ಜಿಗಿತ, ಸ್ಪ್ರಿಂಟ್ ಕಡಿಮೆ ಮಾಡಿಸುತ್ತೇನೆ. ಆ ಸಮಯದಲ್ಲಿ ಕಾಲು ಹಿಡಿತಕ್ಕೆ ಸಿಗುವುದಿಲ್ಲ, ಮೊಣಕಾಲ ಚಿಪ್ಪಿನ ಕೆಳಗೆ ನೋವೂ ಬರಬಹುದು.

ಆದರೆ ನಮ್ಮ ಕಡೆಯ ಹುಡುಗರಿಗೆ ಹೆಚ್ಚಾಗಿ ಬರುವ ದೂರು ಒಂದೇ: ತಲೆ ಎತ್ತುವುದಿಲ್ಲ. ಇದಕ್ಕೆ ಕಾರಣ ನಮ್ಮ ಗ್ರೌಂಡ್. ಗಟ್ಟಿ ಮಣ್ಣು, ಸಣ್ಣ ಕಲ್ಲು, ಚೆಂಡು ಯಾವ ಕಡೆ ಪುಟಿಯುತ್ತದೋ ಹೇಳಲಾಗದು. ಅದಕ್ಕೇ ಕಣ್ಣು ಚೆಂಡಿನ ಮೇಲೆ, ಚೆಂಡು ಅಂಗಾಲಿನ ಕೆಳಗೆ. ಟ್ರಯಲ್ಸ್‌ನ ಟರ್ಫ್ (ಕೃತಕ ಹುಲ್ಲು) ಮೇಲೆ ಹಾಗೆ ಚೆಂಡು ನಿಲ್ಲಿಸುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ.

ಇದಕ್ಕೆ ಬೇಕಾದದ್ದು ಒಂದು ಗೋಡೆ, ಐದು ನಂಬರ್ ಚೆಂಡು, ಒಬ್ಬ ಗೆಳೆಯ. ಗೋಡೆಯಿಂದ ಐದು ಮೀಟರ್ ದೂರ ನಿಲ್ಲಬೇಕು. ಗೆಳೆಯ ಬೆನ್ನ ಹಿಂದೆ ನಿಂತು ಬೆರಳು ತೋರಿಸುತ್ತಾನೆ. ಗೋಡೆಗೆ ಪಾಸ್ ಕೊಟ್ಟು, ಚೆಂಡು ವಾಪಸ್ ಬರುವಷ್ಟರಲ್ಲಿ ಹಿಂದೆ ತಿರುಗಿ ನೋಡಿ ಬೆರಳಿನ ಲೆಕ್ಕ ಕೂಗಬೇಕು, ಆಮೇಲೆ ಮೊದಲ ಟಚ್‌ನಲ್ಲೇ ಚೆಂಡನ್ನು ಅರ್ಧ ಮೀಟರ್ ಪಕ್ಕಕ್ಕೆ ಒಯ್ಯಬೇಕು. ಒಂದೊಂದು ಕಾಲಿಗೆ ಮೂವತ್ತು ಸಲ, ವಾರಕ್ಕೆ ಐದು ದಿನ, ಆರು ವಾರ. ಶುರುವಿನಲ್ಲಿ ಎಲ್ಲರೂ ಚೆಂಡು ಕಾಲಿಗೆ ಸಿಕ್ಕ ಮೇಲೆ ತಿರುಗಿ ನೋಡುತ್ತಾರೆ. ಅದು ಲೆಕ್ಕಕ್ಕಿಲ್ಲ. ಚೆಂಡು ದಾರಿಯಲ್ಲಿರುವಾಗಲೇ ನೋಡಬೇಕು. ಸುಸ್ತಾಗಿ ಟಚ್ ಕೆಟ್ಟರೆ ಅಲ್ಲಿಗೇ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಕೆಟ್ಟದ್ದೇ ರೂಢಿಯಾಗುತ್ತದೆ.

ಮುಂದಿನ ಟ್ರಯಲ್ಸ್‌ಗೆ ಹತ್ತು ದಿನ ಮೊದಲು ಎರಡು ಸಲವಾದರೂ ಬಾಡಿಗೆ ಟರ್ಫ್‌ನಲ್ಲಿ ಆಡಿಸುತ್ತೇನೆ. ಉದ್ದ ಸ್ಟಡ್ (ಅಟ್ಟೆಯ ಕೆಳಗಿನ ಗುಬುಟು) ಇರುವ ಬೂಟು ಅಲ್ಲಿ ಬೇಡ, ಮಂಡಿ ತಿರುಚಬಹುದು. ಗಿಡ್ಡ ಸ್ಟಡ್‌ನ ಟರ್ಫ್ ಶೂ ಸಾಕು, ಅದನ್ನೂ ಮೊದಲೇ ಹಾಕಿ ಆಡಿರಬೇಕು.