ಸಿಗರೇಟು ಬಿಟ್ಟವರಿಗೆ ಜಾತ್ರೆಯ ಗಂಡಾಂತರ

ಬೀಡಿ, ಸಿಗರೇಟು ಬಿಟ್ಟ ಮೊದಲ ದಿನಗಳ ಸಿಡುಕು, ಚಡಪಡಿಕೆ, ನಿದ್ದೆಗೇಡು ಸಾಮಾನ್ಯವಾಗಿ ಮೂರು–ನಾಲ್ಕು ವಾರದಲ್ಲಿ ಇಳಿಯುತ್ತವೆ. ಅಷ್ಟನ್ನೂ ಹಲ್ಲು ಕಚ್ಚಿ ದಾಟಿದವರೇ ಎಷ್ಟೋ ತಿಂಗಳ ಮೇಲೆ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ‘ಒಂದೇ ದಮ್ಮು’ ಎಂದು ಇಸಿದುಕೊಳ್ಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಅಷ್ಟೊತ್ತಿಗೆ ಮೈ ಕೇಳುವುದನ್ನು ನಿಲ್ಲಿಸಿರುತ್ತದೆ, ನೆನಪು ಕೇಳುತ್ತಿರುತ್ತದೆ. ಅದಕ್ಕೆ ತಯಾರಿ ಬೇರೆಯೇ ಬೇಕು.

ಮೊದಲು ಜೇಬು, ಕಪಾಟು, ಬೈಕಿನ ಡಿಕ್ಕಿ ಖಾಲಿ ಮಾಡಿ. ಲೈಟರ್ ಕೂಡ ಹೋಗಲಿ. ಊದಿನಕಡ್ಡಿ ಹಚ್ಚಲು ದೇವರ ಮನೆಯಲ್ಲಿ ಬೆಂಕಿಪೊಟ್ಟಣ ಇದ್ದೇ ಇದೆ.

ಆಮೇಲೆ, ನಿಮ್ಮ ನೆನಪು ಎಲ್ಲೆಲ್ಲಿ ಕೂತಿದೆ ಎಂದು ಚೀಟಿಯಲ್ಲಿ ಬರೆಯಿರಿ. ಬಳ್ಳಾರಿಯಲ್ಲಿ ಒಗ್ಗರಣೆ–ಮಿರ್ಚಿ ತಿಂದ ಮೇಲಿನ ಚಹಾ ಇರಬಹುದು, ಶಕ್ತಿನಗರದಲ್ಲಿ ಪಾಳಿ ಮುಗಿದ ಮೇಲಿನ ಡಬ್ಬಿ ಅಂಗಡಿ ಇರಬಹುದು. ಅಂಥಲ್ಲಿ ಕೆಲವು ತಿಂಗಳು ಮಜ್ಜಿಗೆ ಕುಡಿಯಿರಿ, ನಮ್ಮ ಬಿಸಿಲಿಗೆ ಅದೇ ಸರಿ. ಚಹಾ ಬಿಡಲಾರದವರು ಒಳಗೆ ಕೂತು ಕುಡಿಯಬೇಕು. ಸೇದುವವರ ಗುಂಪು ಯಾವಾಗಲೂ ಹೊರಗೆ ನಿಂತಿರುತ್ತದೆ.

ಇನ್ನು ಕಷ್ಟದ ಘಟ್ಟ. ದಾಸೋಹದಲ್ಲಿ ರೊಟ್ಟಿ, ಮಾದಲಿ ಉಂಡಾಗಿದೆ. ತೇರು ಸಾಗಿದೆ. ಕಾಲೇಜಿನ ದೋಸ್ತರು ಸಿಕ್ಕಿದ್ದಾರೆ. ಒಬ್ಬ ಪ್ಯಾಕು ಚಾಚಿ, ‘ಹಿಡಿಯೋ ದೋಸ್ತ, ಒಂದಕ್ಕ ಏನಾಗತೈತಿ?’ ಅನ್ನುತ್ತಾನೆ. ಬಹಳ ಜನ ಇಲ್ಲಿ ಕಾರಣ ಹೇಳಲು ಹೋಗಿ ಕೆಡುತ್ತಾರೆ. ‘ಡಾಕ್ಟ್ರು ಬ್ಯಾಡ ಅಂದಾರ’ ಅಂದರೆ ಸಾಕು, ತೊಂಬತ್ತರವರೆಗೆ ಬೀಡಿ ಸೇದಿಯೂ ಗಟ್ಟಿಯಾಗಿದ್ದ ತನ್ನ ಅಜ್ಜನನ್ನು ಅವನು ಎಳೆದು ತರುತ್ತಾನೆ. ‘ನಾ ಸೇದಂಗಿಲ್ಲಪ’ ಎಂದಷ್ಟೇ ಹೇಳಿ, ಈ ಸಲ ಹೊಲಕ್ಕೆ ಕಾಲುವೆ ನೀರು ಬಂತೇನು ಎಂದು ಕೇಳಿ. ತುಂಗಭದ್ರೆಯ ನೀರಿನ ಮಾತು ತೆಗೆದರೆ ನಮ್ಮ ಕಡೆ ಅರ್ಧ ತಾಸು ಯಾರೂ ಬೇರೆ ವಿಷಯಕ್ಕೆ ಬರುವುದಿಲ್ಲ.

ಕೈ ಖಾಲಿ ಇರಬಾರದು; ಕಬ್ಬಿನ ಹಾಲಿನ ಗ್ಲಾಸೋ ಮಗುವಿನ ಕೈಯೋ ಹಿಡಿದಿರಿ. ಆಸೆ ಉಕ್ಕಿದರೂ ಸಾಮಾನ್ಯವಾಗಿ ಐದು–ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ‘ಬಂದೆ, ಇರ್ರಿ’ ಎಂದು ಮಿಠಾಯಿ ಅಂಗಡಿಗಳ ಸಾಲಿನಲ್ಲಿ ಒಂದು ಸುತ್ತು ಹೊಡೆಯಿರಿ. ನಡೆಯುತ್ತಲೇ ನೆನಪನ್ನು ಪೂರ್ತಿ ನೆನೆಯಿರಿ. ಅದು ಹಾಸ್ಟೆಲ್ ಮಾಳಿಗೆ, ಒಂದೇ ಸಿಗರೇಟನ್ನು ಮೂವರು ಹಂಚಿಕೊಂಡ ನಗು ಇಷ್ಟನ್ನೇ ತೋರಿಸುತ್ತದೆ. ಬೆಳಗಿನ ಕಫ, ತಿಂಗಳ ಕೊನೆಯ ಉದ್ರಿ ಲೆಕ್ಕ, ಮುದ್ದು ಮಾಡಲು ಹೋದರೆ ಮುಖ ತಿರುಗಿಸುತ್ತಿದ್ದ ಮಗಳು, ಇವನ್ನೂ ಸೇರಿಸಿ. ಆ ರಾತ್ರಿಗಳು ಚೆನ್ನಾಗಿದ್ದದ್ದು ದೋಸ್ತರಿಂದ, ಅವರು ಇಲ್ಲೇ ನಿಂತಿದ್ದಾರೆ. ಸುತ್ತು ಮುಗಿಸಿ ಅವರ ಹತ್ತಿರವೇ ಹೋಗಿ.

ಅಡ್ಡದಾರಿ ಹುಡುಕುವವರಿಗೆ ಒಂದು ಮಾತು. ತುಳಸಿ ಸಿಗರೇಟು, ಗಿಡಮೂಲಿಕೆ ಸಿಗರೇಟು ದುಡ್ಡಿಗೆ ದಂಡ. ನಿಕೋಟಿನ್ ಇಲ್ಲದಿದ್ದರೂ ಯಾವ ಎಲೆ ಸುಟ್ಟರೂ ಟಾರ್, ಕಾರ್ಬನ್ ಮೊನಾಕ್ಸೈಡ್ ಬರುತ್ತವೆ, ಕೈ–ಬಾಯಿಯ ಚಾಳಿಯೂ ಹಾಗೇ ಉಳಿಯುತ್ತದೆ. ಇ–ಸಿಗರೇಟು 2019ರಿಂದ ದೇಶದಲ್ಲೇ ನಿಷೇಧ. ಗುಟ್ಕಾ ಬೇಡವೇ ಬೇಡ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೇ. ಬಾಯಿಗೆ ಸೋಂಪು, ಲವಂಗ ಸಾಕು. ನಿಕೋಟಿನ್ ಗಮ್ ತೆಗೆದುಕೊಂಡವರು ಅದನ್ನು ಒಂದೇ ಸಮನೆ ಜಗಿದು ಬಿಕ್ಕಳಿಕೆ ತರಿಸಿಕೊಳ್ಳುತ್ತಾರೆ. ನಿಧಾನ ಜಗಿದು, ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆ–ವಸಡಿನ ನಡುವೆ ಒತ್ತಿಡಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಅದಕ್ಕೆ 15 ನಿಮಿಷ ಮೊದಲು ಕಾಫಿ, ಸೋಡಾ ಕುಡಿಯಬಾರದು.

ಅಷ್ಟಾಗಿಯೂ ಒಂದು ಸೇದಿಬಿಟ್ಟಿರಾ? ಎರಡನೆಯದನ್ನು ಹಚ್ಚುವ ಮೊದಲು ಉಚಿತ ಸಹಾಯವಾಣಿಯ ನಂಬರ್ ಬರೆದುಕೊಳ್ಳಿ: 1800-11-2356. ಸಿಗರೇಟು ಪ್ಯಾಕಿನ ಮೇಲೂ ಅದೇ ನಂಬರ್ ಇರುತ್ತದೆ. ಹಾಗೆಂದು ಅದಕ್ಕೋಸ್ಕರ ಪ್ಯಾಕು ಕೊಳ್ಳಬೇಡಿ.